ಹೆಸರಿಲ್ಲದ 23 ಇಂಚಿನ ರೆಕ್ಕೆ: ಎಣ್ಣೆ ಹೊಡೆಯುವ ಡ್ರೋನಿಗೆ ಹಾಕಬಹುದೇ?

ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ತಿಂಗಳು ವರ್ಷ ಯಾವುದೂ ಇಲ್ಲ. ಒಂದು ಮೂಲೆಯಲ್ಲಿ 2388 ಅನ್ನುವ ಅಂಕಿ, ಇನ್ನೊಂದು ಮೂಲೆಯಲ್ಲಿ ಯಾವ ಯಾವ ಮೋಟಾರಿಗೆ ಹೊಂದುತ್ತದೆ ಅನ್ನುವ ಪಟ್ಟಿ, ನಡುವೆ ‘ಕಾರ್ಬನ್’ ಎಂದು ದಪ್ಪಕ್ಷರದ ಸ್ಟಿಕ್ಕರ್. ಒಳಗೆ ಎರಡು ಕಪ್ಪು ರೆಕ್ಕೆ, ಕೆಲವು ತೆಳು ವಾಷರ್. ಆನ್‌ಲೈನ್ ಅಂಗಡಿಯಲ್ಲಿ ಇದಕ್ಕೆ ನಾಲ್ಕೂವರೆ ಸ್ಟಾರ್ ಇದೆ. ಕೆಳಗೆ ಬರೆದವರನ್ನು ಓದಿದರೆ ‘ಬೇಗ ಬಂತು’, ‘ಪ್ಯಾಕಿಂಗ್ ಚೆನ್ನಾಗಿದೆ’, ‘ನೋಡಲು ಒರಿಜಿನಲ್ ತರಾನೇ ಇದೆ’. ಹಾರಿಸಿ ನೋಡಿ ಬರೆದವರು ಹುಡುಕಿದರೂ ಸಿಗಲಿಲ್ಲ. ಹಾರಿಸಿದವನು ಒಬ್ಬನಾದರೂ ಬರೆಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕಾರಟಗಿ, ಗಂಗಾವತಿ ಕಡೆ ಹಳ್ಳಿಗಳಲ್ಲಿ, ಕ್ಯಾಂಪುಗಳಲ್ಲಿ ಭತ್ತಕ್ಕೆ ಡ್ರೋನಿನಿಂದ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವವನು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಸೀಸನ್ನು ಶುರು; ಕಂದು ಜಿಗಿಹುಳು ಕಾಣಿಸಿತೆಂದರೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಯಂತ್ರ ಆರು ತೋಳಿನದು, 10 ಲೀಟರ್ ಟ್ಯಾಂಕು. ಟ್ಯಾಂಕು ತುಂಬಿ ಬ್ಯಾಟರಿ ಕೂರಿಸಿದರೆ 25 ಕೆಜಿಗೆ ತುಸು ಕಡಿಮೆ ತೂಗುತ್ತದೆ. ಒಂದು ಟ್ಯಾಂಕಿಗೆ ಹೆಚ್ಚುಕಡಿಮೆ ಒಂದು ಎಕರೆ, ಏಳೆಂಟು ನಿಮಿಷ. ಕೈಪಂಪಿನಲ್ಲಾದರೆ ಅದೇ ಎಕರೆಗೆ 150-200 ಲೀಟರ್ ನೀರು, ಕೆಸರಿನಲ್ಲಿ ಮೊಣಕಾಲುದ್ದ ಹೂತು ನಡೆಯುವ ಆಳು. ಆ ಆಳು ಈಗ ಸಿಗುವುದಿಲ್ಲ ಅನ್ನುವುದೇ ನನ್ನ ಹೊಟ್ಟೆಪಾಡು.

2388 ಅಂದರೆ ತುದಿಯಿಂದ ತುದಿಗೆ 23 ಇಂಚು, ಪಿಚ್ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) 8.8 ಇಂಚು. ಹಾಬಿವಿಂಗ್ ಕಂಪನಿಯ ಎಕ್ಸ್6 ಮೋಟಾರಿನ ಜೊತೆ ಬರುವ ಮಡಚುವ ಪ್ರೊಪೆಲ್ಲರಿನ ಅಳತೆ ಅದು. ಪ್ರೊಪೆಲ್ಲರ್ ಒಂದಾದರೂ ರೆಕ್ಕೆ ಎರಡು. ಎರಡನ್ನೂ ನಡುವಿನ ಕ್ಲ್ಯಾಂಪಿಗೆ ಒಂದೊಂದು ಬೋಲ್ಟು ಹಿಡಿದಿರುತ್ತದೆ, ಗಾಡಿಯಲ್ಲಿ ಸಾಗಿಸುವಾಗ ಮಡಚಿ ಇಡಬಹುದು. ಆರು ತೋಳಿಗೆ ಒಟ್ಟು ಹನ್ನೆರಡು ರೆಕ್ಕೆ. ಮೂರು ತೋಳು ಬಲಸುತ್ತು, ಮೂರು ಎಡಸುತ್ತು. ನಮ್ಮ ಕಡೆ ರೈತರು ಇದನ್ನೆಲ್ಲ ಸೇರಿಸಿ ‘ಫ್ಯಾನು’ ಅನ್ನುತ್ತಾರೆ.

ಒರಿಜಿನಲ್ ಜೋಡಿಗೆ ನಾನು ಕೊಡುವುದು 2000 ರೂಪಾಯಿಯ ಆಸುಪಾಸು. ಈ ಹೆಸರಿಲ್ಲದ್ದು ಅದರ ಮೂರರಲ್ಲೊಂದು ಪಾಲು. ಆದರೆ ತರಿಸಿದ್ದು ಬೆಲೆ ನೋಡಿ ಅಲ್ಲ. ಎದುರುಬದುರು ಎರಡು ತೋಳಿನ ರೆಕ್ಕೆಗಳು ಒಡ್ಡಿನ ಮೇಲಿನ ಜಾಲಿ ಕೊಂಬೆ ತಾಗಿ ತುದಿ ಚಕ್ಕೆ ಎದ್ದಿದ್ದವು. ಡೀಲರ್ ಹತ್ತಿರ ಸ್ಟಾಕ್ ಇಲ್ಲ, ‘ಮುಂದಿನ ವಾರ ಸರ್’ ಅನ್ನುವ ಮಾತು ವಾರ ವಾರವೂ ಅದೇ. ಇತ್ತ ಜಿಗಿಹುಳು ‘ಮುಂದಿನ ವಾರ’ ಕೇಳುವುದಿಲ್ಲ. ಭತ್ತ ಸುಟ್ಟ ಹಾಗೆ ಚಕ್ರ ಚಕ್ರವಾಗಿ ಒಣಗುತ್ತ ಹೋಗುತ್ತದೆ. ಈ ಪ್ಯಾಕೆಟ್ ಎರಡು ದಿನಕ್ಕೆ ಮನೆ ಬಾಗಿಲಿಗೆ ಬಂತು. ಡೆಲಿವರಿಗೆ ಪೂರ್ತಿ ಅಂಕ.

ಕೈಗೆ ತೆಗೆದುಕೊಂಡಾಗ ಮೊದಲು ಕಂಡದ್ದು ಹೊಳಪು. ಒರಿಜಿನಲ್ ರೆಕ್ಕೆ ಮಬ್ಬು ಕಪ್ಪು, ಬೆರಳು ಆಡಿಸಿದರೆ ಸ್ವಲ್ಪ ತರಕಲು. ಇದು ಹೊಸ ಬಕೆಟ್ಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಕಾರ್ಬನ್ ಎಂದು ಸ್ಟಿಕ್ಕರ್ ಹಾಕಿದ್ದಕ್ಕೆ ಒಂದು ಮಾತು: ಈ ಅಳತೆಯ ಒರಿಜಿನಲ್ ರೆಕ್ಕೆ ಕೂಡ ನೇಯ್ದ ಕಾರ್ಬನ್ ಬಟ್ಟೆಯಿಂದ ಮಾಡಿದ್ದಲ್ಲ. ನೈಲಾನಿನಲ್ಲಿ ಕಾರ್ಬನ್ ನಾರಿನ ತುಣುಕು ಬೆರೆಸಿ ಅಚ್ಚಿಗೆ ಹೊಯ್ದದ್ದು. ಅದರಲ್ಲಿ ನಾರು ಎಷ್ಟು, ನೈಲಾನು ಹೊಸದೋ ಕರಗಿಸಿ ಮರುಬಳಸಿದ್ದೋ ಅನ್ನುವುದರಲ್ಲಿ ಎಲ್ಲ ಗುಟ್ಟೂ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅಂಚಿನಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಕಡೆ ಕೂದಲಿನಷ್ಟು ಪ್ಲಾಸ್ಟಿಕ್ ಉಳಿದಿತ್ತು, ಉಗುರಿನಿಂದ ಕೆರೆದರೆ ಎದ್ದು ಬರುತ್ತಿತ್ತು. ಒರಿಜಿನಲ್‌ನಲ್ಲಿ ಇದನ್ನು ನಾನು ಕಂಡಿಲ್ಲ.

ತೂಕ ನೋಡಿದೆ. ಬೆಳ್ಳಿ ತೂಗುವ ಸಣ್ಣ ಡಿಜಿಟಲ್ ಸ್ಕೇಲ್ 400-500 ರೂಪಾಯಿಗೆ ಸಿಗುತ್ತದೆ, ಡ್ರೋನ್ ಇಟ್ಟವರೆಲ್ಲ ಒಂದು ಇಟ್ಟುಕೊಳ್ಳಿ. ಒರಿಜಿನಲ್ ಜೋಡಿಯಲ್ಲಿ ಎರಡು ರೆಕ್ಕೆಗೂ ಅರ್ಧ ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ. ಕಂಪನಿಯವರು ತೂಗಿ ಹೊಂದಿಸಿಯೇ ಜೋಡಿ ಮಾಡುತ್ತಾರೆ, ಅದಕ್ಕೇ ಬಿಡಿಯಾಗಿ ಮಾರುವುದಿಲ್ಲ. ತರಿಸಿದ ಎರಡು ಪ್ಯಾಕೆಟ್ಟಿನಲ್ಲಿ ಒಂದರ ಜೋಡಿಯಲ್ಲಿ 2 ಗ್ರಾಂ ವ್ಯತ್ಯಾಸ, ಇನ್ನೊಂದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು.

2 ಗ್ರಾಂ ಅಂದರೆ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ. ಒಂದು ರೆಕ್ಕೆ 40 ಗ್ರಾಂ ಎಂದು ಹಿಡಿಯೋಣ, ಅದರ ತೂಕದ ಮಧ್ಯಬಿಂದು ನಡುವಿನಿಂದ 13 ಸೆಂಟಿಮೀಟರ್ ದೂರ ಎನ್ನೋಣ, ನಿಮಿಷಕ್ಕೆ 3000 ಸುತ್ತು. ಆಗ ಆ 40 ಗ್ರಾಮಿನ ರೆಕ್ಕೆ ತನ್ನ ಬೋಲ್ಟನ್ನು ಹೊರಕ್ಕೆ ಜಗ್ಗುವ ಬಲ 50 ಕೆಜಿ ದಾಟುತ್ತದೆ. ಅಂದರೆ ಆ ಸಣ್ಣ ತೂತಿಗೆ ಒಂದು ಡಿಎಪಿ ಚೀಲ ನೇತು ಹಾಕಿದ ಹಾಗೆ. ವೇಗ 3500ಕ್ಕೆ ಏರಿದರೆ ಅದು 70 ಕೆಜಿ ಆಗುತ್ತದೆ, ಯಾಕೆಂದರೆ ಬಲ ಏರುವುದು ವೇಗದ ವರ್ಗದ ಹಾಗೆ. ಎರಡು ರೆಕ್ಕೆ ಸಮತೂಕ ಇದ್ದರೆ ಎರಡು ಕಡೆಯ ಜಗ್ಗಾಟ ಒಂದನ್ನೊಂದು ಕಳೆದುಬಿಡುತ್ತದೆ, ಮೋಟಾರಿಗೆ ಗೊತ್ತೇ ಆಗುವುದಿಲ್ಲ. 2 ಗ್ರಾಂ ಹೆಚ್ಚುಕಡಿಮೆ ಇದ್ದರೆ ಎರಡೂವರೆ ಕೆಜಿಯ ಒಂದು ಸುತ್ತಿಗೆ ಸೆಕೆಂಡಿಗೆ 50 ಸಲ ಬೇರಿಂಗನ್ನು ಬಡಿಯುತ್ತಲೇ ಇರುತ್ತದೆ. ಬೇರಿಂಗು ಬಡಿಸಿಕೊಳ್ಳುತ್ತದೆ, ತೋಳಿನ ಪೈಪಿನ ಸ್ಕ್ರೂ ಸಡಿಲವಾಗುತ್ತದೆ, ಹಾರಾಟ ನಿಯಂತ್ರಿಸುವ ಡಬ್ಬಿಯೊಳಗಿನ ಸೆನ್ಸಾರಿಗೆ ನಡುಕ ಹೋಗುತ್ತದೆ.

ಹಗುರ ರೆಕ್ಕೆಗೆ ಟೇಪು ಅಂಟಿಸಿ ಸಮ ಮಾಡಿಕೊಳ್ಳಿ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ಆಟದ ಡ್ರೋನಿಗೆ ಸರಿ. ಎಣ್ಣೆಯ ಮಂಜಿನಲ್ಲೇ ದಿನವಿಡೀ ಓಡಾಡುವ ಯಂತ್ರದಲ್ಲಿ ಆ ಟೇಪು ಎಷ್ಟು ಹೊತ್ತು ನಿಲ್ಲುತ್ತದೆ? ಅದು ಕಿತ್ತುಹೋದಾಗ ಲೆಕ್ಕ ಮತ್ತೆ ಮೊದಲಿಗೆ. ನಾನು ಎರಡು ಪ್ಯಾಕೆಟ್ಟಿನ ರೆಕ್ಕೆಗಳಲ್ಲಿ ಹತ್ತಿರದ ತೂಕದವನ್ನು ಆರಿಸಿ ಜೋಡಿ ಮಾಡಲು ಹೊರಟೆ. ಆಗಲಿಲ್ಲ, ಒಂದು ಪ್ಯಾಕೆಟ್ ಬಲಸುತ್ತಿನದು, ಇನ್ನೊಂದು ಎಡಸುತ್ತಿನದು.

ಮೊದಲ ಹಾರಾಟ ಖಾಲಿ ಟ್ಯಾಂಕಿನಲ್ಲಿ, ಊರ ಹೊರಗಿನ ಕಣದಲ್ಲಿ. ಸದ್ದು ಬೇರೆ. ಒರಿಜಿನಲ್ ರೆಕ್ಕೆ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಇದರಲ್ಲಿ ಒಳಗೊಳಗೆ ಒಂದು ಒಡಕು, ತಂಬೂರಿಯ ತಂತಿ ಸಡಿಲಾದಂಥದು. ಯಂತ್ರ ತಾನೇ ಬರೆದಿಡುವ ಹಾರಾಟದ ದಾಖಲೆ (ಲಾಗ್) ತೆಗೆದು ನೋಡಿದರೆ ಈ ಎರಡು ತೋಳಿನ ಮೋಟಾರುಗಳು ಉಳಿದ ನಾಲ್ಕಕ್ಕಿಂತ ಹೆಚ್ಚು ದುಡಿಯುತ್ತಿದ್ದವು. ಕಾರಣ ಸರಳ: ಮೆತ್ತನೆಯ ರೆಕ್ಕೆ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ, ತಿರುಚಿಕೊಂಡರೆ ಗಾಳಿಯನ್ನು ಕಚ್ಚುವ ಕೋನ ಕಡಿಮೆಯಾಗುತ್ತದೆ, ಅಷ್ಟೇ ಎತ್ತಲು ಹೆಚ್ಚು ಸುತ್ತು ಬೇಕಾಗುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ. ಇನ್ನೊಂದು ವಿಷಯ ರೈತರ ಕಡೆಯಿಂದ: ನಮ್ಮ ಯಂತ್ರದಲ್ಲಿ ಫ್ಯಾನು ಎತ್ತುವುದಕ್ಕೆ ಮಾತ್ರ ಅಲ್ಲ, ಎಣ್ಣೆಯ ಹನಿಯನ್ನು ಕೆಳಕ್ಕೆ ತಳ್ಳುವುದೂ ಅದರ ಗಾಳಿಯೇ. ಜಿಗಿಹುಳು ಕೂರುವುದು ಎಲೆಯ ಮೇಲಲ್ಲ, ಬುಡದಲ್ಲಿ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ. ಗಾಳಿ ತೆನೆ ಸೀಳಿಕೊಂಡು ಬುಡಕ್ಕೆ ಇಳಿಯದಿದ್ದರೆ ಎಷ್ಟು ದುಬಾರಿ ಎಣ್ಣೆ ಹಾಕಿದರೂ ಅದು ಎಲೆಗೆ ಸ್ನಾನ ಮಾಡಿಸಿದ ಹಾಗೆ. ಆರರಲ್ಲಿ ಎರಡು ಫ್ಯಾನು ಬೇರೆ ಜಾತಿಯದಾದರೆ ಆ ಪಟ್ಟಿಯಲ್ಲಿ ಹನಿ ಬೀಳುವ ರೀತಿಯೂ ಬೇರೆ.

ಆದರೂ ಹಾರಿತು. ಕೆಲವು ದಿನ ಕೆಲಸವೂ ಮಾಡಿತು. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯ. ಹಾಕಿದ ಕೂಡಲೇ ಮುರಿಯುವ ಸಾಮಾನಾಗಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ಕೆಲವು ದಿನ ನೆಟ್ಟಗೆ ನಡೆಯುವುದೇ ಇದರ ಅಪಾಯ.

ಮುರಿದದ್ದು ಒಂದು ಕ್ಯಾಂಪಿನ ಗದ್ದೆಯಲ್ಲಿ, ಬೆಳಿಗ್ಗೆ, ಗಾಳಿಯಿಲ್ಲದ ಹೊತ್ತಿನಲ್ಲಿ. ಟ್ಯಾಂಕು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಯಂತ್ರ ಮಡಿಯ ತುದಿಗೆ ಹೋಗಿ ನಿಂತು ಪಕ್ಕಕ್ಕೆ ಸರಿದು ತಿರುಗಿ ಬರುವ ಜಾಗ. ಬ್ರೇಕ್ ಹಿಡಿಯುವಾಗ, ಮತ್ತೆ ಓಟ ಶುರು ಮಾಡುವಾಗ ಮೋಟಾರುಗಳು ಜಿಗಿದು ಸುತ್ತುತ್ತವೆ. ಮುರಿಯುವುದಿದ್ದರೆ ಅಲ್ಲೇ ಮುರಿಯಬೇಕು. ಟಪ್ ಎಂಬ ಒಂದು ಸದ್ದು, ಹಿಂದೆಯೇ ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂಥ ಗರಗರ. ತೋಳು ಒಂದು ಕ್ಷಣ ಮಂಜಾಗಿ ಕಂಡಿತು, ಅಷ್ಟು ನಡುಗುತ್ತಿತ್ತು. ಆಮೇಲೆ ಯಂತ್ರ ಆ ಕಡೆಗೆ ವಾಲಿ, ಅರ್ಧ ಸುತ್ತು ತಿರುಗಿ, ಭತ್ತದೊಳಗೆ ಕವುಚಿ ಬಿತ್ತು. ಎತ್ತರ ಎರಡೂವರೆ ಮೀಟರ್ ಅಷ್ಟೇ. ಎಲ್ಲ ಸೇರಿ ಎರಡು ಮೂರು ಸೆಕೆಂಡು.

ಆರು ತೋಳು ಇದ್ದರೆ ಒಂದು ಹೋದರೂ ಬೀಳುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ನಾಲ್ಕು ತೋಳಿನ ಯಂತ್ರದಲ್ಲಿ ಒಂದು ಪ್ರೊಪೆಲ್ಲರ್ ಹೋದರೆ ಕಥೆ ಅಲ್ಲಿಗೇ ಮುಗಿಯಿತು. ಆರರಲ್ಲಿ ಒಂದು ನಿಂತರೆ ವಾಲದ ಹಾಗೆ ಎದುರಿನದನ್ನೂ ತಗ್ಗಿಸಬೇಕು. ಉಳಿದ ನಾಲ್ಕೇ ಪೂರ್ತಿ ಭಾರ ಹೊರಬೇಕು. ತುಂಬಿದ ಟ್ಯಾಂಕಿನಲ್ಲಿ ತೋಳಿಗೆ 4 ಕೆಜಿ ಇದ್ದದ್ದು 6 ಆಗುತ್ತದೆ, ಮುಖ ತಿರುಗಿಸುವ ಹಿಡಿತ ಕೈತಪ್ಪುತ್ತದೆ. ಖಾಲಿ ಟ್ಯಾಂಕಿದ್ದರೆ ಹೇಗೋ ಇಳಿಸಬಹುದು. ಆದರೆ ನನ್ನ ಯಂತ್ರದಲ್ಲಿ ಪ್ರೊಪೆಲ್ಲರ್ ಹೋಗಲಿಲ್ಲ, ಅರ್ಧ ಪ್ರೊಪೆಲ್ಲರ್ ಹೋಯಿತು, ಅದು ಇನ್ನೂ ಕೆಟ್ಟದ್ದು. ಎರಡೂ ರೆಕ್ಕೆ ಹಾರಿಹೋಗಿದ್ದರೆ ಮೋಟಾರು ಸುಮ್ಮನೆ ಬರಿದೇ ಸುತ್ತುತ್ತಿತ್ತು. ಒಂದು ರೆಕ್ಕೆ ಉಳಿದಾಗ ಆ 50 ಕೆಜಿಯ ಜಗ್ಗಾಟಕ್ಕೆ ಎದುರಿನಿಂದ ಹಿಡಿಯುವವರಿಲ್ಲ. ಮೋಟಾರಿನ ಬುಡದ ಕ್ಲ್ಯಾಂಪು ಬಾಯಿ ಬಿಟ್ಟಿತ್ತು, ಕಾರ್ಬನ್ ಪೈಪು ಸೀಳಿತ್ತು. ಅವು ಬಿದ್ದು ಮುರಿದದ್ದಲ್ಲ, ಮುರಿದೇ ಬಿದ್ದದ್ದು. ಆ ಕಡೆ ಕೆಸರು ಮುಟ್ಟಿರಲೇ ಇಲ್ಲ.

ಗದ್ದೆಯ ಯಜಮಾನರು ಒಡ್ಡಿನ ಮೇಲೆ ಬೇವಿನ ಗಿಡದ ಕೆಳಗಿದ್ದರು. ನಾನು ಜನರನ್ನು ಯಾವಾಗಲೂ 30 ಮೀಟರ್ ಆಚೆ ನಿಲ್ಲಿಸುತ್ತೇನೆ. ಫೋನಿನಲ್ಲಿ ವಿಡಿಯೋ ಹಿಡಿಯಲು ಹತ್ತಿರ ಬರುವವರ ಜೊತೆ ದಿನಾ ಜಗಳ. ಮುರಿದ ರೆಕ್ಕೆ ಸಿಕ್ಕಿದ್ದು ಮೂರು ಮಡಿ ಆಚೆ, ಕೆಸರಿನಲ್ಲಿ ನೆಟ್ಟಗೆ ಚುಚ್ಚಿಕೊಂಡು. ಅದನ್ನು ತಂದುಕೊಟ್ಟವರು ಅವರೇ.

“ಏನಾತೋ ತಮ್ಮಾ, ಫ್ಯಾನ್ ಕಿತ್ತು ಹೋತು?”

“ಹೌದ್ರಿ ಅಣ್ಣಾರ. ಬುಡಕ್ಕೇ ಮುರದೈತಿ.”

“ಇದು ಯಾರಿಗರ ಬಡದಿದ್ರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಅದನ್ನು ಅಲ್ಲಿಗೇ ಬಿಟ್ಟು, ಒಂದೇ ಕಡೆ ಚೆಲ್ಲಿದ ಎಣ್ಣೆಯಿಂದ ಭತ್ತ ಸುಡುತ್ತದೋ ಹೇಗೆ ಎಂದು ಕೇಳಿದರು. ನೀರು ಕಟ್ಟಿದ್ದನ್ನು ಆ ಮಡಿಯಲ್ಲೇ ನಿಲ್ಲಿಸಿ, ಪಕ್ಕದ ಮಡಿಗೆ ಹರಿಯದ ಹಾಗೆ ಮಣ್ಣು ಹಾಕಿದೆವು. ಬ್ಯಾಟರಿಯ ಒಳಗೆ ಕೆಸರು ನೀರು ಹೋಗಿತ್ತು. ನೆನೆದ ಲಿಥಿಯಂ ಬ್ಯಾಟರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬರಬೇಡಿ, ಮನೆಯೊಳಗೆ ಅಂತೂ ಇಡಲೇಬೇಡಿ; ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಹೊತ್ತಿಕೊಂಡರೂ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಮರಳ ಮೇಲೆ ಇಟ್ಟು ದೂರ ನಿಲ್ಲಬೇಕು.

ಈಗ ರೆಕ್ಕೆ ಮುರಿದ ಜಾಗದ ವಿಷಯ, ಇಡೀ ವಿಮರ್ಶೆಯಲ್ಲಿ ನಿಮ್ಮ ನೆನಪಿನಲ್ಲಿ ಉಳಿಯಬೇಕಾದದ್ದು ಇದೊಂದೇ. ರೆಕ್ಕೆ ಮುರಿದದ್ದು ತುದಿಯಲ್ಲಲ್ಲ, ನಡುವಲ್ಲಲ್ಲ, ಬೋಲ್ಟಿನ ತೂತಿನ ಮೇಲೆಯೇ. ತೂತಿನ ಒಂದು ಪಕ್ಕದ ಮುರಿದ ಮುಖ ಮಾಸಲಾಗಿತ್ತು, ದೂಳು, ಎಣ್ಣೆ ಕುಡಿದು ಕಪ್ಪಾಗಿತ್ತು. ಇನ್ನೊಂದು ಪಕ್ಕ ಹೊಸದಾಗಿ ಮುರಿದ ಬೂದು ಬಣ್ಣ. ಅಂದರೆ ಬಿರುಕು ಆ ಬೆಳಿಗ್ಗೆ ಹುಟ್ಟಿದ್ದಲ್ಲ. ಹಲವು ಹಾರಾಟಗಳ ಹಿಂದೆಯೇ ಒಂದು ಬದಿ ಬಿಟ್ಟುಕೊಂಡು, ಉಳಿದ ಬದಿಯೊಂದರಲ್ಲೇ ಅದು ಜೀವ ಹಿಡಿದಿತ್ತು. ಮಾಸಲು ಭಾಗದ ನಡುವೆ ಸಾಸಿವೆಗಿಂತ ಸಣ್ಣ ಎರಡು ಗುಳಿ: ಅಚ್ಚಿಗೆ ಹೊಯ್ಯುವಾಗ ಸಿಕ್ಕಿಬಿದ್ದ ಗಾಳಿ. ಬಿಸಿ ಪ್ಲಾಸ್ಟಿಕ್ಕು ತೂತಿನ ಎರಡೂ ಕಡೆಯಿಂದ ಸುತ್ತಿ ಬಂದು ಆಚೆ ಸೇರುವ ಜಾಗ ಹೇಗೂ ದುರ್ಬಲ. ಒಳ್ಳೆಯ ಕಂಪನಿ ಅಚ್ಚಿನ ಬಾಯಿ, ಬಿಸಿ, ಒತ್ತಡ ಹೊಂದಿಸಿ ಆ ಜಾಗವನ್ನು ಕಾಪಾಡುತ್ತದೆ. ನಕಲು ಮಾಡುವವನು ಹೊರಗಿನ ಆಕಾರ ಅಳೆದು ಅಚ್ಚು ಮಾಡಬಹುದು, ಇದನ್ನು ಅಳೆದು ತರಲಾರ.

ಉಳಿದ ಮೂರು ರೆಕ್ಕೆ ಬಿಚ್ಚಿ ನೋಡಿದೆ. ಒಂದರ ತೂತಿನ ಸುತ್ತ ಬೆಳ್ಳಗೆ ಗೆರೆ ಮೂಡಿತ್ತು, ಪ್ಲಾಸ್ಟಿಕ್ ಕುರ್ಚಿಯ ಕಾಲು ಮಡಚಿದಾಗ ಬಿಳಿಚಿಕೊಳ್ಳುತ್ತದಲ್ಲ, ಅಂಥದು. ಇನ್ನೊಂದರ ಮೈಮೇಲೆ ಜೇಡನ ಬಲೆಯಷ್ಟು ಸಣ್ಣ ಬಿರುಕು. ನಾವು ಹೊಡೆಯುವ ಎಣ್ಣೆಯಲ್ಲಿ ಡಬ್ಬಿಯ ಮೇಲೆ ಇಸಿ (ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆರೆಯುವ ಬಗೆ) ಎಂದು ಬರೆದಿರುವವುಗಳಲ್ಲಿ ಕರಗಿಸುವ ದ್ರಾವಕ ಇರುತ್ತದೆ. ಅದು ನೈಲಾನಿಗೆ ಅಷ್ಟಾಗಿ ತಾಗುವುದಿಲ್ಲ. ಎಬಿಎಸ್ ತರದ ಅಗ್ಗದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೈಯೆಲ್ಲ ಹೀಗೆ ಬಿರುಕು ಬಿಟ್ಟದ್ದು ನೋಡಿದರೆ ಒಳಗೆ ನೈಲಾನು ಎಷ್ಟಿತ್ತು ಎಂಬ ಅನುಮಾನ ನನ್ನದು. ಅದೇ ಯಂತ್ರದಲ್ಲಿ, ಅದೇ ಎಣ್ಣೆಯಲ್ಲಿ, ಇದಕ್ಕಿಂತ ಎಷ್ಟೋ ಹೆಚ್ಚು ಹಾರಿದ ನಾಲ್ಕು ತೋಳಿನ ಒರಿಜಿನಲ್ ರೆಕ್ಕೆಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

ಖರ್ಚು: ತೋಳಿನ ಪೈಪು, ಮೋಟಾರಿನ ಕ್ಲ್ಯಾಂಪು, ಬೇರಿಂಗು, ಎರಡು ನಾಜಲ್, ಬ್ಯಾಟರಿ, ಲ್ಯಾಂಡಿಂಗ್ ಕಾಲು. ಇದರಲ್ಲಿ ಬ್ಯಾಟರಿಯೊಂದೇ ರೆಕ್ಕೆಯಲ್ಲಿ ಉಳಿದ ದುಡ್ಡಿನ ಹತ್ತಾರು ಪಟ್ಟು. ಎಕರೆಗೆ 400-500 ರೂಪಾಯಿಯ ಬಾಡಿಗೆಯಲ್ಲಿ ಬದುಕುವವನಿಗೆ ಸೀಸನ್ನಿನ ನಡುವೆ ಯಂತ್ರ ನಿಂತದ್ದರ ಲೆಕ್ಕ ಬೇರೆ. ವಿಮೆಗೆ ಫೋನ್ ಮಾಡಿದಾಗ ಅವರ ಸರ್ವೇಯರ್ ಮೊದಲು ಕೇಳಿದ್ದೇ ರೆಕ್ಕೆಯ ಬಿಲ್ಲು. 2021ರ ಡ್ರೋನ್ ನಿಯಮದ ಪ್ರಕಾರ 2ರಿಂದ 25 ಕೆಜಿಯ ನಮ್ಮ ಯಂತ್ರಗಳು ‘ಸ್ಮಾಲ್’ ವರ್ಗ. ನೋಂದಣಿ ಸಂಖ್ಯೆ, ಪೈಲಟ್ ಸರ್ಟಿಫಿಕೇಟ್, ಮೂರನೆಯವರಿಗಾಗುವ ಹಾನಿಗೆ ವಿಮೆ ಎಲ್ಲ ಬೇಕು. ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಟೈಪ್ ಸರ್ಟಿಫಿಕೇಟ್ ಸಿಕ್ಕಿರುವುದು ತಯಾರಕರು ಪರೀಕ್ಷೆಗೆ ಕೊಟ್ಟ ವಿನ್ಯಾಸಕ್ಕೆ. ಅದರಲ್ಲಿ ಹೆಸರಿಲ್ಲದ ರೆಕ್ಕೆ ಇರಲಿಲ್ಲ. ಸರ್ವೇಯರ್ ಕೆಟ್ಟವರಲ್ಲ, ಅವರು ಕೇಳಿದ್ದು ನ್ಯಾಯವೇ.

ಇಷ್ಟು ನಕಲು ಮಾಲು ಪೇಟೆಗೆ ಬರುವುದು ಹೇಗೆ? 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪೂರ್ತಿ ಡ್ರೋನುಗಳ ಆಮದು ನಿಲ್ಲಿಸಿತು, ಬಿಚ್ಚಿ ತಂದು ಇಲ್ಲಿ ಜೋಡಿಸುವ ಕಿಟ್ಟುಗಳನ್ನೂ ಸೇರಿಸಿ. ಬಿಡಿಭಾಗಕ್ಕೆ ತಡೆಯಿಲ್ಲ. ದೇಶದಲ್ಲೇ ತಯಾರಾಗಲಿ ಎಂಬ ಉದ್ದೇಶ ಒಳ್ಳೆಯದೇ. ಮೋಟಾರು, ರೆಕ್ಕೆ, ಪಂಪು ಮಾತ್ರ ಇನ್ನೂ ಹೆಚ್ಚಾಗಿ ಹೊರಗಿನವೇ; ಯಾರು ಬೇಕಾದರೂ ಪೆಟ್ಟಿಗೆಗಟ್ಟಲೆ ತರಿಸಿ ಆನ್‌ಲೈನಿನಲ್ಲಿ ಮಾರಬಹುದು. ರೆಕ್ಕೆಗೆ ಐಎಸ್‌ಐ ಮುದ್ರೆಯನ್ನು ನಾನಂತೂ ಎಲ್ಲೂ ಕಂಡಿಲ್ಲ. ಒಂದು ಬಲ್ಬ್ ಹೋಲ್ಡರ್ ಕೊಳ್ಳುವಾಗಲೂ ಮುದ್ರೆ ನೋಡುತ್ತೇವೆ.

ಎಲ್ಲ ಬದಲಿ ಭಾಗವೂ ಕೆಟ್ಟದ್ದು ಅನ್ನುವವನು ನಾನಲ್ಲ. ನನ್ನ ಯಂತ್ರದ ನಾಜಲ್, ಪೈಪು, ಟ್ಯಾಂಕಿನ ಮುಚ್ಚಳ, ಲ್ಯಾಂಡಿಂಗ್ ಕಾಲು ಒರಿಜಿನಲ್ ಅಲ್ಲ, ಯಾವುದೂ ತೊಂದರೆ ಕೊಟ್ಟಿಲ್ಲ. ನಾಜಲ್ ಕಟ್ಟಿಕೊಂಡರೆ ಒಂದು ಪಟ್ಟಿ ಒಣಗಿ ಉಳಿಯುತ್ತದೆ, ಯಾರ ತಲೆಯೂ ಹೋಗುವುದಿಲ್ಲ. ಬೇರಿಂಗನ್ನು ನಂಬರ್ ಹೇಳಿ ಒಳ್ಳೆಯ ಬೇರಿಂಗ್ ಅಂಗಡಿಯಲ್ಲೇ ತೆಗೆದುಕೊಂಡೆ. ರೆಕ್ಕೆ, ಬ್ಯಾಟರಿ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ, ಈ ಮೂರಕ್ಕೆ ಮಾತ್ರ ಬೇರೆ ನ್ಯಾಯ. ಪೂರ್ತಿ ಕಾರ್ಬನ್ ಬಟ್ಟೆಯಿಂದ ಮಾಡಿದ ದುಬಾರಿ ರೆಕ್ಕೆಗಳನ್ನು ಪರಿಚಯದ ಪೈಲಟ್ ಒಬ್ಬರ ಯಂತ್ರದಲ್ಲಿ ನೋಡಿದ್ದೇನೆ. ಗಟ್ಟಿ, ಹಗುರ, ತೂಕ ಹೊಂದಿದವು. ಆದರೆ ಕೊಂಬೆ ತಾಗಿದರೆ ನೈಲಾನಿನ ಹಾಗೆ ಬಾಗುವುದಿಲ್ಲ, ಚೂರಾಗುತ್ತವೆ. ಗದ್ದೆಯ ಒಡ್ಡಿನಲ್ಲಿ ಜಾಲಿ ಇರುವ ನಮ್ಮ ಸೀಮೆಗೆ ಅಲ್ಲ.

ಒರಿಜಿನಲ್ ಕಂಪನಿಯವರಿಗೂ ಒಂದು ಮಾತು ಹೇಳಬೇಕು. ನಕಲಿ ಓಡುವುದು ನಿಮ್ಮ ಸ್ಟಾಕ್ ಓಡದೆ ಇರುವುದರಿಂದ. ಭತ್ತದ ಸೀಮೆಗೆ ಯಾವ ತಿಂಗಳಲ್ಲಿ ರೆಕ್ಕೆ ಬೇಕಾಗುತ್ತದೆ ಎಂಬುದು ಗುಟ್ಟಲ್ಲ. ಡೀಲರುಗಳು ಯಂತ್ರ ಮಾರುವ ದಿನ ಹಾರ ಹಾಕಿ ಫೋಟೋ ತೆಗೆಸುತ್ತಾರೆ, ರೆಕ್ಕೆ ಕೇಳಿದರೆ ಫೋನ್ ಎತ್ತುವುದಿಲ್ಲ.

ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಯಂತ್ರ ಪಡೆದ ಸ್ವಸಹಾಯ ಸಂಘದ ಅಕ್ಕಂದಿರು ಇದನ್ನು ಓದುತ್ತಿದ್ದರೆ ಗಮನಿಸಿ: ದೇಶದ 15,000 ಸಂಘಗಳಿಗೆಂದು ಮಾಡಿದ ಆ ಯೋಜನೆಯ ಪ್ಯಾಕೇಜಿನಲ್ಲೇ ಒಂದು ಹೆಚ್ಚುವರಿ ಪ್ರೊಪೆಲ್ಲರ್ ಸೆಟ್ಟು, ಅಂದರೆ ಆರು ಪ್ರೊಪೆಲ್ಲರ್, ಸೇರಿದೆ, ಒಂದು ವರ್ಷದ ವಿಮೆ, ಎರಡು ವರ್ಷದ ನಿರ್ವಹಣೆಯೂ ಇದೆ. ಪೆಟ್ಟಿಗೆ ಬಿಚ್ಚಿದ ದಿನವೇ ಎಣಿಸಿ ಸಹಿ ಮಾಡಿ. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ, ಹೊರಗೆ ಅಗ್ಗದ್ದು ಹುಡುಕಲು ಹೋಗಬೇಡಿ.

ಮದುವೆ ವಿಡಿಯೋ ಮಾಡುವ ನನ್ನ ಸೋದರಮಾವನ ಮಗ ಸಣ್ಣ ಡ್ರೋನ್ ಹಾರಿಸುತ್ತಾನೆ, ಡಿಜೆಐ ಮಿನಿ 2. ಅವನ ರಗಳೆಯೂ ಇದೇ ಬಗೆಯದು, ಗಾತ್ರ ಸಣ್ಣದು ಅಷ್ಟೇ. ಅದರಲ್ಲಿ ಪ್ರತಿ ರೆಕ್ಕೆಯನ್ನೂ ಒಂದು ಕೂದಲೆಳೆ ಸ್ಕ್ರೂ ಹಿಡಿದಿರುತ್ತದೆ. ಒರಿಜಿನಲ್ ಪ್ಯಾಕೆಟ್ಟಿನಲ್ಲಿ ರೆಕ್ಕೆಯ ಜೊತೆ ಹೊಸ ಸ್ಕ್ರೂ ಬರುತ್ತವೆ, ಎಳೆಗೆ ಬಿಗಿ ಅಂಟು ಹಚ್ಚಿರುತ್ತಾರೆ, ನಡುಕಕ್ಕೆ ಬಿಚ್ಚಿಕೊಳ್ಳಬಾರದು ಅಂತ. ಅಗ್ಗದ ಸೆಟ್ಟಿನ ಸ್ಕ್ರೂ ತಲೆ ಮೊದಲ ತಿರುಪಿಗೇ ಸವೆದು ಉರುಟಾಗುತ್ತದೆ. ಬಿಗಿಯಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಡ್ರೋನಿನ ತೂಕ 249 ಗ್ರಾಂ, ಭಾರತದ ನಿಯಮದಲ್ಲಿ 250 ಗ್ರಾಮಿನವರೆಗೆ ‘ನ್ಯಾನೊ’. ರೆಕ್ಕೆಗೆ ರಕ್ಷಣೆಯೆಂದು ಹೊರಗಿನ ಬಳೆ ಸಿಕ್ಕಿಸಿದರೆ ತೂಕ ಗೆರೆ ದಾಟಿ ‘ಮೈಕ್ರೊ’ ಆಗುತ್ತದೆ, ಆಗ ನಿಯಮವೂ ಬದಲಾಗುತ್ತದೆ. ಮದುವೆ ಮಂಟಪದಲ್ಲಿ ವಧೂವರರ ತಲೆ ಮೇಲೆ ಹಾರಿಸುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೊಸ ರೆಕ್ಕೆ ಯಾರದೇ ಇರಲಿ, ಹಾಕುವ ಮೊದಲು ನಾನು ಮಾಡುವುದು ಇಷ್ಟು. ಜೋಡಿಯನ್ನು ತೂಗುತ್ತೇನೆ; ಒಂದು ಗ್ರಾಂ ಮೀರಿದರೆ ವಾಪಸ್. ಬುಡದ ತೂತಿಗೆ ಬೋಲ್ಟು ಹಾಕಿ ಅಲುಗಿಸುತ್ತೇನೆ, ಸಡಿಲ ಆಡಿದರೆ ವಾಪಸ್. ಮೃದುವಾಗಿ ಬಾಗಿಸಿ ತೂತಿನ ಸುತ್ತ ಬಿಳಿಚುತ್ತದೋ ನೋಡುತ್ತೇನೆ. ಕ್ಲ್ಯಾಂಪಿನ ಬೋಲ್ಟು ಬಿಗಿಯುವುದರಲ್ಲೂ ಹದ ಇದೆ: ರೆಕ್ಕೆ ತನ್ನ ಭಾರಕ್ಕೆ ತಾನೇ ಜೋತು ಬೀಳಬಾರದು, ಬೆರಳಿನಿಂದ ತಳ್ಳಿದರೆ ಮಾತ್ರ ಸರಿಯಬೇಕು. ತೀರಾ ಬಿಗಿಯಾದರೆ ಸುತ್ತುವಾಗ ತನ್ನಷ್ಟಕ್ಕೆ ನೇರವಾಗುವುದಿಲ್ಲ, ನಡುಕ ಶುರುವಾಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಬುಡ ಒರೆಸಿ, ಫೋನಿನ ಟಾರ್ಚು ಹಿಡಿದು ಕಣ್ಣಾಡಿಸುವುದು. ಕೊಳೆ ಇದ್ದರೆ ಬಿರುಕು ಕಾಣುವುದಿಲ್ಲ. ಹಾಕಿದ ತಾರೀಕನ್ನು ಬೆಳ್ಳಿ ಬಣ್ಣದ ಮಾರ್ಕರಿನಲ್ಲಿ ಬುಡದ ಮೇಲೇ ಬರೆಯುತ್ತೇನೆ. ಒಂದು ರೆಕ್ಕೆ ಚಕ್ಕೆ ಎದ್ದರೂ ಜೋಡಿಯನ್ನೇ ಬದಲಿಸುವುದು.

ಮಾರಿದವನಿಗೆ ಮುರಿದ ರೆಕ್ಕೆಯ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಪಾಪ, ಮರ್ಯಾದೆಯಾಗಿಯೇ: ‘ಹಣ ವಾಪಸ್ ಮಾಡುತ್ತೇವೆ ಸರ್, ದಯವಿಟ್ಟು ರಿವ್ಯೂ ಹಾಕಬೇಡಿ.’ ರೆಕ್ಕೆಯ ಹಣ ಬಂತು. ಬ್ಯಾಟರಿಯದು ಕೇಳಿದ ಮೇಲೆ ಉತ್ತರ ನಿಂತಿತು.

ಐದಕ್ಕೆ ಒಂದು ಸ್ಟಾರ್. ಅದೂ ವಾಷರುಗಳಿಗೆ, ಅವು ಚೆನ್ನಾಗಿದ್ದವು, ಒರಿಜಿನಲ್ ರೆಕ್ಕೆಯ ಕೆಳಗೆ ಹಾಕಿಕೊಂಡಿದ್ದೇನೆ.